ಅಪ್ಪನ ಲ್ಯಾಪ್‌ಟಾಪಿಗೆ ಡೆಬಿಯನ್, ಎಕ್ಸ್‌ಎಫ್‌ಸಿಇ ಮತ್ತು ಒಂದು ನೋಟ್‌ಬುಕ್

ಕಪ್ಪು ಸ್ಕ್ರೀನ್. ಮೇಲೆ ಎಡಗಡೆ ಬಿಳಿ ಅಕ್ಷರದಲ್ಲಿ ಡೆಬಿಯನ್ 13 ಅಂತ ಒಂದು ಸಾಲು. ಅದರ ಕೆಳಗೆ ಲಾಗಿನ್ ಕೇಳುತ್ತಾ ಮಿಣುಕುವ ಒಂದು ಸಣ್ಣ ಗೆರೆ. ಹಿಂದೆ ನಿಂತು ನೋಡುತ್ತಿದ್ದ ಅಪ್ಪ, "ಕೆಟ್ಟೋಯ್ತಾ ಪುಟ್ಟಾ?" ಅಂತ ಕೇಳಿದರು. "ಇಲ್ಲಪ್ಪ, ಈಗ ಶುರು" ಅಂದೆ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಸಾಗರದ ನಮ್ಮ ಮನೆಯಲ್ಲಿ ಕೂತು ದಿನಾ ಬರೆಯುತ್ತಾರೆ. ತೋಟದ ಲೆಕ್ಕ, ಮಳೆ ಯಾವತ್ತು ಎಷ್ಟು ಬಂತು, ಅಜ್ಜಿ ಆಡುತ್ತಿದ್ದ ಮಾತುಗಳು, ಎಲ್ಲವೂ ಕನ್ನಡದಲ್ಲೇ. ಲ್ಯಾಪ್‌ಟಾಪ್ 2012ರದ್ದು. ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಅದರಲ್ಲಿದ್ದ ಸಿಸ್ಟಮ್‌ಗೆ ಅಪ್‌ಡೇಟ್ ಬರುವುದು ನಿಂತಿತ್ತು, ಹೊಸದನ್ನು ಹಾಕಲು ಯಂತ್ರ ಸಾಲದು. ಸ್ವಿಚ್ ಒತ್ತಿ ಅಪ್ಪ ಕಾಫಿ ಕುಡಿದು ಬಂದರೂ ಪರದೆ ಇನ್ನೂ ತಯಾರಾಗಿರುತ್ತಿರಲಿಲ್ಲ. ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೀನಿ ಅಂದರೆ, ಕೀಬೋರ್ಡ್ ಚೆನ್ನಾಗಿದೆಯಲ್ಲ, ಯಾಕೆ ಬೇರೆದು ಅನ್ನುತ್ತಾರೆ. ಅವರು ಹೇಳುವುದೂ ಸರಿ. ಹಾಗಾಗಿ ಹಳೇ ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಹಾಕಿ, ಬುಡದಿಂದ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟೋಣ ಅಂತ ರಜೆ ಹಾಕಿ ಊರಿಗೆ ಹೋದೆ.

ಎಲ್ಲ ತುಂಬಿಕೊಂಡೇ ಬರುವ ಲಿನಕ್ಸ್‌ಗಳು ಬೇಕಾದಷ್ಟಿವೆ. ಹಾಕಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ನನಗೆ ಈ ಸಲ ಒಂದು ಆಸೆ ಇತ್ತು. ಆ ಲ್ಯಾಪ್‌ಟಾಪಿನಲ್ಲಿ ಏನೇನಿದೆಯೋ ಅದೆಲ್ಲ ಯಾಕಿದೆ ಅಂತ ನನಗೆ ಗೊತ್ತಿರಬೇಕು. ಬೆಂಗಳೂರಿನಿಂದ ಫೋನಿನಲ್ಲೇ ರಿಪೇರಿ ಹೇಳಬೇಕಾದವಳು ನಾನೇ ಅಲ್ವಾ. ಅದಕ್ಕೆ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಎರಡು ಅಂಕಣ ಎಳೆದೆ. ಒಂದರಲ್ಲಿ ಪ್ಯಾಕೇಜಿನ (ಹಾಕುವ ಒಂದೊಂದು ತಂತ್ರಾಂಶದ) ಹೆಸರು, ಇನ್ನೊಂದರಲ್ಲಿ ‘ಯಾಕೆ’. ಯಾಕೆ ಅನ್ನೋ ಕಡೆ ಬರೆಯಲು ಏನೂ ಸಿಗದಿದ್ದರೆ ಆ ಪ್ಯಾಕೇಜ್ ಬೇಡ.

ಲಿನಕ್ಸ್‌ಗಳಲ್ಲಿ ಡೆಬಿಯನ್ ಆರಿಸಿದ್ದು ಅದರ ವಯಸ್ಸಿಗಾಗಿ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು, ಇವತ್ತಿಗೂ ಸ್ವಯಂಸೇವಕರೇ ನಡೆಸುತ್ತಿದ್ದಾರೆ. 13ನೇ ಆವೃತ್ತಿ, ಹೆಸರು ಟ್ರಿಕ್ಸಿ, 2025ರ ಆಗಸ್ಟ್ 9ಕ್ಕೆ ಬಂತು. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ. ಅಂದರೆ 2030ರವರೆಗೆ ನಾನು ಈ ಲ್ಯಾಪ್‌ಟಾಪನ್ನು ಮತ್ತೆ ಬಿಚ್ಚಿ ಕೂರಬೇಕಿಲ್ಲ. 32 ಬಿಟ್‌ನ ತೀರಾ ಹಳೇ ಯಂತ್ರಗಳಿಗೆ ಮಾತ್ರ ಈ ಆವೃತ್ತಿಯಲ್ಲಿ ಇನ್‌ಸ್ಟಾಲರ್ ಇಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ.

ಇನ್‌ಸ್ಟಾಲ್ ಮಾಡುವ ಭಾಗ ಚಿಕ್ಕದು. ನೆಟ್‌ಇನ್‌ಸ್ಟ್ ಅನ್ನೋ ಫೈಲ್ ಒಂದು ಜಿಬಿಗಿಂತ ಕಡಿಮೆ, ಪೆನ್‌ಡ್ರೈವಿಗೆ ಬರೆದು ಬೂಟ್ ಮಾಡಿದೆ. ವೈಫೈ ಬದಲು ರೌಟರಿನಿಂದ ಲ್ಯಾನ್ ಕೇಬಲ್ ಎಳೆದೆ, ಬೇಕಾದಷ್ಟನ್ನೇ ಹಾಕುವ ಮಿನಿಮಲ್ ಇನ್‌ಸ್ಟಾಲಿಗೆ ಅದೇ ನೆಮ್ಮದಿ. ಎರಡು ಕಡೆ ಮಾತ್ರ ಗಮನ ಇರಲಿ. ರೂಟ್, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವ ಖಾತೆಯ ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟರೆ ನೀವು ಮಾಡುವ ಮೊದಲ ಯೂಸರಿಗೆ ಸುಡೋ (ಆ ಅಧಿಕಾರ ಬಳಸುವ ಅನುಮತಿ) ತಾನಾಗಿಯೇ ಸಿಗುತ್ತದೆ. ಕೊನೆಯಲ್ಲಿ ಯಾವ ಸಾಫ್ಟ್‌ವೇರ್ ಬೇಕು ಅಂತ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಡೆಸ್ಕ್‌ಟಾಪ್ ಮುಂದಿನ ಟಿಕ್, ಅದರ ಕೆಳಗಿನ ಗ್ನೋಮ್ ಅನ್ನೋ ಡೆಸ್ಕ್‌ಟಾಪಿನ ಟಿಕ್, ಎರಡನ್ನೂ ತೆಗೆದು ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮತ್ತು ಸಾಮಾನ್ಯ ಉಪಕರಣಗಳನ್ನು ಮಾತ್ರ ಬಿಟ್ಟೆ. ರೀಬೂಟ್ ಆಗಿ ಬಂದಿದ್ದೇ ಮೇಲೆ ಹೇಳಿದ ಕಪ್ಪು ಸ್ಕ್ರೀನ್. ಆಗ ರ‍್ಯಾಮ್ ನೋಡಿದರೆ 150 ಎಂಬಿ ಆಸುಪಾಸು ಮಾತ್ರ ಖರ್ಚಾಗಿತ್ತು. ಖಾಲಿ ಮನೆಗೆ ಸುಣ್ಣ ಬಳಿದು ಬಾಗಿಲು ತೆರೆದ ಹಾಗೆ, ಏನು ತಂದಿಡಬೇಕು ಅನ್ನೋದು ಇನ್ನು ನಮಗೆ ಬಿಟ್ಟಿದ್ದು.

ಡೆಸ್ಕ್‌ಟಾಪ್ ಯಾವುದು ಅಂತ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಎಕ್ಸ್‌ಎಫ್‌ಸಿಇಗಿಂತ ಎಲ್‌ಎಕ್ಸ್‌ಕ್ಯೂಟಿ ಅನ್ನೋ ಡೆಸ್ಕ್‌ಟಾಪ್ ಇನ್ನೂ ಸ್ವಲ್ಪ ಹಗುರ, ನನ್ನ ಸ್ವಂತ ಯಂತ್ರದಲ್ಲಿ ಐ3 (ಪ್ರೊಸೆಸರ್ ಅಲ್ಲ, ಅದೇ ಹೆಸರಿನ ತಂತ್ರಾಂಶ) ಅನ್ನೋ, ಕಿಟಕಿಗಳನ್ನು ಮಾತ್ರ ನೋಡಿಕೊಳ್ಳುವ ವಿಂಡೋ ಮ್ಯಾನೇಜರ್ ಇದೆ. ಆದರೆ ಇದು ಅಪ್ಪನ ಲ್ಯಾಪ್‌ಟಾಪ್. ಕೆಳಗೆ ಒಂದು ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ ಇರಬೇಕು. ನಾಲ್ಕು ವರ್ಷ ಆದಮೇಲೂ ಅದು ಅಲ್ಲೇ ಇರಬೇಕು. ಎಕ್ಸ್‌ಎಫ್‌ಸಿಇಯಲ್ಲಿ ಹಾಗೆ ಇಟ್ಟುಕೊಳ್ಳಬಹುದು. ಒಲಿವಿಯೇ ಫೂರ್ದಾನ್ ಅದನ್ನು ಶುರು ಮಾಡಿದ್ದು 1996ರಲ್ಲಿ. 4.18 ಬಂದಿದ್ದು 2022ರ ಡಿಸೆಂಬರಿನಲ್ಲಿ, 4.20 ಬಂದಿದ್ದು 2024ರ ಡಿಸೆಂಬರಿನಲ್ಲಿ. ಎರಡು ವರ್ಷಕ್ಕೊಂದು ಆವೃತ್ತಿ, ಅದರಲ್ಲೂ ಕಣ್ಣಿಗೆ ಕಾಣುವ ಬದಲಾವಣೆ ಕಡಿಮೆ. ವಯಸ್ಸಾದವರ ಕೈಗೆ ಕೊಡುವ ಯಂತ್ರದಲ್ಲಿ ಇದು ದೊಡ್ಡ ಗುಣ ಅಂತ ನನ್ನ ನಂಬಿಕೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೀನಿ. ಡೆಬಿಯನ್ ಪ್ಯಾಕೇಜುಗಳಲ್ಲಿ ಮುಖ್ಯವಾಗಿ ಎರಡು ಥರದ ನಂಟು ಇರುತ್ತದೆ. ಒಂದು ‘ಡಿಪೆಂಡ್ಸ್’, ಅದಿಲ್ಲದೆ ಕೆಲಸವೇ ನಡೆಯದು. ಇನ್ನೊಂದು ‘ರೆಕಮೆಂಡ್ಸ್’, ಅದು ಇದ್ದರೆ ಒಳ್ಳೆಯದು ಅಂತ ಪ್ಯಾಕೇಜ್ ಮಾಡಿದವರ ಸಲಹೆ. ಸಾಮಾನ್ಯವಾಗಿ ಪ್ಯಾಕೇಜ್ ಹಾಕುವ ಆಪ್ಟ್ ಕಮಾಂಡ್ ಎರಡನ್ನೂ ಎಳೆದು ತರುತ್ತದೆ. ಮಿನಿಮಲ್ ಬೇಕು ಅನ್ನುವವರು ರೆಕಮೆಂಡ್ಸ್ ಬೇಡ ಅನ್ನೋ ಆಯ್ಕೆ ಕೊಟ್ಟು ಇನ್‌ಸ್ಟಾಲ್ ಮಾಡುತ್ತಾರೆ. ನಾನೂ ಎಕ್ಸ್‌ಎಫ್‌ಸಿಇ4 ಅನ್ನು ಹಾಗೇ ಹಾಕಿದೆ. ಬಂದಿದ್ದು ಪ್ಯಾನೆಲ್, ವಿಂಡೋ ಮ್ಯಾನೇಜರ್, ಸೆಟ್ಟಿಂಗ್ಸ್, ಸೆಷನ್, ಥುನಾರ್ ಅನ್ನೋ ಫೈಲ್ ಮ್ಯಾನೇಜರ್, ಹೀಗೆ ಬೆರಳೆಣಿಕೆಯಷ್ಟು. ಬರದೇ ಇದ್ದಿದ್ದು ಎಕ್ಸ್‌ಆರ್ಗ್! ಪರದೆ ಮೇಲೆ ಚಿತ್ರ ಬಿಡಿಸುವ ಸರ್ವರ್ರೇ ರೆಕಮೆಂಡ್ಸ್ ಪಟ್ಟಿಯಲ್ಲಿದೆ. ಡೆಸ್ಕ್‌ಟಾಪ್ ಹಾಕಿಯೂ ಡೆಸ್ಕ್‌ಟಾಪ್ ಕಾಣುವುದಿಲ್ಲ. ನೋಟ್‌ಬುಕ್ಕಿನ ಮೊದಲ ಸಾಲು ಅದೇ: ‘ಎಕ್ಸ್‌ಆರ್ಗ್: ಇದಿಲ್ಲದೆ ಏನೂ ಕಾಣದು.’

ಆಮೇಲೆ ಒಂದೊಂದೇ ಸೇರಿಸುತ್ತಾ ಹೋದೆ. ಲಾಗಿನ್ ಪರದೆಗೆ ಲೈಟ್‌ಡಿಎಂ. ಕಮಾಂಡ್ ಬರೆಯುವ ಟರ್ಮಿನಲ್ ಬೇರೆಯಾಗಿಯೇ ಹಾಕಬೇಕು, ಎಕ್ಸ್‌ಎಫ್‌ಸಿಇ4 ಜೊತೆ ಬರುವುದಿಲ್ಲ. ಮೆನುವಿಗೆ ವಿಸ್ಕರ್ ಮೆನು, ಅದರಲ್ಲಿ ಹೆಸರು ಟೈಪ್ ಮಾಡಿ ಹುಡುಕಬಹುದು. ಸದ್ದಿಗೆ ಪೈಪ್‌ವೈರ್-ಆಡಿಯೋ ಅನ್ನೋ ಒಂದೇ ಪ್ಯಾಕೇಜ್ ಸಾಕು, ಬೇಕಾದ್ದನ್ನು ಅದೇ ತರುತ್ತದೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಕಾಣಬೇಕಾದರೆ ಥುನಾರ್-ವೋಲ್ಮನ್ ಮತ್ತು ಜಿವಿಎಫ್‌ಎಸ್. ಫೋನಿನಿಂದ ಫೋಟೋ ತೆಗೆದುಕೊಳ್ಳಬೇಕಾದರೆ ಜಿವಿಎಫ್‌ಎಸ್-ಬ್ಯಾಕೆಂಡ್ಸ್ ಕೂಡ. ಪಾಸ್‌ವರ್ಡ್ ಕೇಳುವ ಪುಟ್ಟ ಕಿಟಕಿಗೆ ಎಲ್‌ಎಕ್ಸ್‌ಪೋಲ್ಕಿಟ್. ಇದನ್ನು ತುಂಬಾ ಜನ ಮರೆಯುತ್ತಾರೆ, ಆಮೇಲೆ ಇನ್ನೊಂದು ಡಿಸ್ಕ್ ತೆರೆಯಲು ಹೋದರೆ ಅನುಮತಿ ಇಲ್ಲ ಅಂತ ಮಾತ್ರ ಬರುತ್ತದೆ, ಪಾಸ್‌ವರ್ಡ್ ಕೊಡಲು ಜಾಗವೇ ಇರುವುದಿಲ್ಲ.

ನೆಟ್‌ವರ್ಕಿನಲ್ಲಿ ಒಂದು ಗಂಟು ಇತ್ತು. ವೈಫೈ, ಕೇಬಲ್ ಎರಡನ್ನೂ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಹಾಕಿದ ಮೇಲೂ ಲ್ಯಾನ್ ಕೇಬಲ್ಲಿನ ಎದುರು ‘ನನ್ನ ಹಿಡಿತದಲ್ಲಿಲ್ಲ’ ಅನ್ನೋ ಅರ್ಥದ ಸಾಲು ತೋರಿಸುತ್ತಿತ್ತು. ಕಾರಣ ಸರಳ. ಡೆಸ್ಕ್‌ಟಾಪ್ ಇಲ್ಲದೆ ಇನ್‌ಸ್ಟಾಲ್ ಮಾಡಿದಾಗ ಇನ್‌ಸ್ಟಾಲರ್ ಆ ಕಾರ್ಡಿನ ಹೆಸರನ್ನು ಇಟಿಸಿ ಫೋಲ್ಡರಿನೊಳಗಿನ ನೆಟ್‌ವರ್ಕ್ ಇಂಟರ್‌ಫೇಸಸ್ ಫೈಲಿನಲ್ಲಿ ಬರೆದಿರುತ್ತದೆ. ಅಲ್ಲಿ ಹೆಸರಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಮುಟ್ಟುವುದಿಲ್ಲ. ಫೈಲಿನಲ್ಲಿ ಲೂಪ್‌ಬ್ಯಾಕಿನ (ಯಂತ್ರ ತನ್ನೊಂದಿಗೇ ಮಾತಾಡುವ) ಸಾಲುಗಳನ್ನು ಬಿಟ್ಟು ಕಾರ್ಡಿನ ಸಾಲುಗಳನ್ನು ಅದು ಓದದಂತೆ ಅವುಗಳ ಮುಂದೆ ಹ್ಯಾಶ್ ಹಾಕಿ ರೀಬೂಟ್ ಮಾಡಿದೆ, ಸರಿಹೋಯಿತು.

ಸಂಜೆ ಹೊತ್ತಿಗೆ ಲಾಗಿನ್ ಆದರೆ ಮೂರು ಸೆಕೆಂಡಿಗೆ ಡೆಸ್ಕ್‌ಟಾಪ್. ಅಪ್ಪನಿಗೆ ಖುಷಿ. ಪೆನ್‌ಡ್ರೈವ್ ತಂದು ಕೊಟ್ಟು "ನನ್ನ ಫೋಲ್ಡರ್ ತೆಗಿ" ಅಂದರು. ತೆಗೆದೆ. ಎಲ್ಲ ಫೈಲುಗಳ ಹೆಸರೂ ಚೌಕ ಚೌಕ. ಸಣ್ಣ ಡಬ್ಬಿಗಳ ಸಾಲು, ಒಂದೂ ಅಕ್ಷರ ಇಲ್ಲ.

ಕೆಟ್ಟಿದ್ದು ಏನೂ ಇರಲಿಲ್ಲ, ಬರೀ ಕನ್ನಡ ಫಾಂಟ್ ಇರಲಿಲ್ಲ ಅಷ್ಟೇ. ಇನ್‌ಸ್ಟಾಲ್ ಮಾಡುವಾಗ ಭಾಷೆ ಇಂಗ್ಲಿಷ್ ಆರಿಸಿದ್ದೆ, ಡೆಸ್ಕ್‌ಟಾಪ್ ಟಿಕ್ ತೆಗೆದಿದ್ದೆ, ರೆಕಮೆಂಡ್ಸ್ ಬೇಡ ಅಂದಿದ್ದೆ. ಕನ್ನಡ ಬರಬಹುದಾಗಿದ್ದ ಮೂರು ಬಾಗಿಲನ್ನೂ ನಾನೇ ಮುಚ್ಚಿದ್ದೆ. ಆ ರಾತ್ರಿ ಇದನ್ನೇ ತುಂಬಾ ಹೊತ್ತು ಯೋಚಿಸಿದೆ. ಮಿನಿಮಲ್ ಅಂತ ನಾವು ಓದುವ ಬರಹಗಳಲ್ಲೆಲ್ಲ ಫಾಂಟ್, ಇನ್‌ಪುಟ್ ಮೆಥಡ್ (ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ), ಲೊಕೇಲ್ (ಭಾಷೆ, ದಿನಾಂಕಗಳ ಸೆಟ್ಟಿಂಗ್), ಇವು ‘ಬೇಡದ ಸಾಮಾನು’ ಪಟ್ಟಿಯಲ್ಲಿ ಇರುತ್ತವೆ. ಅವನ್ನು ತೆಗೆದು ಇಷ್ಟು ಎಂಬಿ ಉಳಿಸಿದೆ ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಸರಿ, ಅವರ ಅಕ್ಷರಗಳು ಕಪ್ಪು ಸ್ಕ್ರೀನಿನಲ್ಲೂ ಇರುತ್ತವೆ. ನಮ್ಮವು ಇರುವುದಿಲ್ಲ. ಲಿನಕ್ಸ್ ಕನ್ಸೋಲಿನ, ಅಂದರೆ ಆ ಕಪ್ಪು ಸ್ಕ್ರೀನಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರ ಹಿಡಿಸುತ್ತವೆ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಇರುವ ಜಾಗ 128 ಮಾತ್ರ, ಆದರೆ ಗುಣಿತ, ಒತ್ತು ಎಲ್ಲ ಸೇರಿದರೆ ಆಕಾರಗಳು ಎಷ್ಟೋ ಜಾಸ್ತಿ, ಮತ್ತೆ ಅವನ್ನು ಜೋಡಿಸಲು ಹಾರ್ಫ್‌ಬಜ್‌ನಂಥ ಒಂದು ಲೈಬ್ರರಿ ಬೇಕು. ಕನ್ಸೋಲಿನಲ್ಲಿ ಅದೂ ಇಲ್ಲ. ಹಾಗಾಗಿ ಅಪ್ಪನ ಮಿನಿಮಲ್ ಬೇರೆ. ಅವರ ಲ್ಯಾಪ್‌ಟಾಪಿಗೆ ಸ್ಕ್ರೀನ್‌ಸೇವರ್ ಬೇಡ, ಡೆಸ್ಕ್‌ಟಾಪ್ ನೆರಳು ಬೇಡ, ಆಟ ಬೇಡ. ಫಾಂಟ್ ಬೇಕೇ ಬೇಕು. ಅದು ಎಕ್ಸ್‌ಆರ್ಗ್‌ನಷ್ಟೇ ಮುಖ್ಯ, ನೋಟ್‌ಬುಕ್ಕಿನಲ್ಲಿ ಅದರ ಪಕ್ಕದಲ್ಲೇ ಬರೆದೆ.

ಡೆಬಿಯನ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಅಂತ ಒಂದು ಪ್ಯಾಕೇಜ್ ಇದೆ. ಅದನ್ನು ಹಾಕಿದರೆ ಲೋಹಿತ್ ಕನ್ನಡ, ಗುಬ್ಬಿ, ನವಿಲು, ಮೂರೂ ಬರುತ್ತವೆ. ಗುಬ್ಬಿ ಮತ್ತು ನವಿಲು ಅರವಿಂದ ವಿ.ಕೆ. ಮಾಡಿದ್ದು. ನವಿಲು ಕೈಬರಹದ ಥರ ಇದೆ. ನೋಟೋ ಅನ್ನೋ ಫಾಂಟ್ ಬೇಕಿದ್ದರೆ ಫಾಂಟ್ಸ್-ನೋಟೋ-ಕೋರ್ ಹಾಕಬೇಕು, ಅದರಲ್ಲಿ ಲೋಕದ ಎಷ್ಟೋ ಲಿಪಿಗಳು ಬಂದುಬಿಡುತ್ತವೆ. ನಮಗೆ ಅಷ್ಟು ಬೇಡ, ನೋಟೋ ಕನ್ನಡದ ಎರಡು ಫೈಲ್ ಮಾತ್ರ ತಂದು ಅಪ್ಪನ ಹೋಮ್ ಫೋಲ್ಡರಿನ ಫಾಂಟ್ಸ್ ಜಾಗದಲ್ಲಿ ಇಟ್ಟೆ. ಯಾವ ಫಾಂಟ್ ಕನ್ನಡಕ್ಕೆ ಬಳಕೆಯಾಗುತ್ತಿದೆ ಅಂತ ಎಫ್‌ಸಿ-ಮ್ಯಾಚ್ ಕೇಳಿದರೆ ಹೇಳುತ್ತದೆ. ಈ ಒಂದು ಕಮಾಂಡ್ ನೆನಪಿಟ್ಟುಕೊಳ್ಳಿ, ಒತ್ತಕ್ಷರ ಒಡೆದು ಕಂಡಾಗ ಮೊದಲು ನೋಡಬೇಕಾದ್ದು ಇದನ್ನೇ.

ಟೈಪಿಂಗ್ ವಿಷಯಕ್ಕೆ ಇನ್ನೂ ಜಾಸ್ತಿ ಹೊತ್ತು ಹಿಡಿಯಿತು. ಅಪ್ಪ ಕಲಿತಿದ್ದು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ. ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನಿಂದ ಅದಕ್ಕೆ ಕಗಪ ಅನ್ನೋ ಹೆಸರು ಬಂತು. ಇದರಲ್ಲಿ ವ್ಯಂಜನ ಒತ್ತಿದರೆ ಅಕಾರ ಸೇರಿದ ಅಕ್ಷರವೇ ಬರುತ್ತದೆ, ಒತ್ತು ಬೇಕಾದಾಗ ಎಫ್ ಕೀ. ಅಮ್ಮ ಅಂತ ಬರೆಯಲು ಎ, ಎಂ, ಎಫ್, ಎಂ. ಇಪ್ಪತ್ತು ವರ್ಷದಿಂದ ಅವರ ಬೆರಳು ಹೀಗೇ ಓಡುತ್ತದೆ, ಅದನ್ನು ಬದಲಿಸಿ ಅಂತ ಕೇಳುವುದು ನ್ಯಾಯ ಅಲ್ಲ.

ಕಗಪ ಲಿನಕ್ಸ್‌ನಲ್ಲಿ ಎರಡು ಕಡೆ ಸಿಗುತ್ತದೆ. ಒಂದು ಎಕ್ಸ್‌ಕೆಬಿಯಲ್ಲೇ, ಅಂದರೆ ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಅಂತ ಆರಿಸಿಕೊಳ್ಳಬಹುದು, ಬೇರೆ ಏನೂ ಹಾಕಬೇಕಿಲ್ಲ. ಮಿನಿಮಲ್ ಅಂದರೆ ಇದೇ ಅಲ್ವಾ ಅಂತ ಮೊದಲು ಇದನ್ನೇ ಕೊಟ್ಟೆ. ಅಪ್ಪ ಎರಡು ಸಾಲು ಬರೆದು ಕೈ ಎತ್ತಿದರು. ಎಕ್ಸ್‌ಕೆಬಿಗೆ ಒಂದು ಕೀಗೆ ಒಂದು ಸಂಕೇತ ಕೊಡುವುದು ಮಾತ್ರ ಗೊತ್ತು, ಹಿಂದಿನ ಅಕ್ಷರ ಯಾವುದು ಅಂತ ಅದು ನೋಡುವುದಿಲ್ಲ. ಹಾಗಾಗಿ ಸ್ವರಕ್ಕೆ ಒಂದು ಕೀ, ಅದರ ಗುಣಿತದ ಚಿಹ್ನೆಗೆ ಇನ್ನೊಂದು. ನುಡಿಯಲ್ಲಿ ವ್ಯಂಜನದ ಮುಂದೆ ಇ ಒತ್ತಿದರೆ ಅದು ತಾನಾಗಿ ಗುಡಿಸಾಗುತ್ತದೆ. ಎರಡನೆಯ ದಾರಿ ಒತ್ತಿದ ಕೀಗಳನ್ನು ಕನ್ನಡಕ್ಕೆ ತಿರುಗಿಸುವ ಐಬಸ್ ಮತ್ತು ಐಬಸ್-ಎಂ17ಎನ್. ಅದರ ಕನ್ನಡ ಕೆಜಿಪಿ (ಕಗಪವೇ) ಆಯ್ಕೆಯಲ್ಲಿ ಈ ಜಾಣ್ಮೆ ಇದೆ. ಹಾಕಿ, ಇಮ್-ಕಾನ್ಫಿಗ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದರೆ ಪ್ಯಾನೆಲ್ಲಿನಲ್ಲಿ ಚಿಹ್ನೆ ಕಾಣುತ್ತದೆ. ಲಾಗ್‌ಔಟ್ ಆಗದೆ ಬರಲಿಲ್ಲ ಬರಲಿಲ್ಲ ಅಂತ ಕಾಯಬೇಡಿ. ಭಾಷೆ ಬದಲಿಸಲು ಅದು ಸೂಪರ್ (ವಿಂಡೋಸ್ ಚಿಹ್ನೆಯ ಕೀ) ಮತ್ತು ಸ್ಪೇಸ್ ಕೀ ಇಟ್ಟಿರುತ್ತದೆ, ಅಪ್ಪ ನುಡಿಯಲ್ಲಿ ಸ್ಕ್ರಾಲ್ ಲಾಕ್ ಒತ್ತುತ್ತಿದ್ದವರು, ಅದನ್ನೇ ಇಟ್ಟುಕೊಟ್ಟೆ. ಮೊದಲ ಸಾಲು ಬರೆದು ಮುಗಿಸಿ ಅವರು ನನ್ನ ಕಡೆ ನೋಡಲೂ ಇಲ್ಲ, ಹಾಗೇ ಎರಡನೇ ಸಾಲಿಗೆ ಹೋದರು. ನನಗೆ ಅಷ್ಟು ಸಾಕಾಯಿತು.

ಹಳೇ ಫೈಲುಗಳದ್ದು ಬೇರೆ ಕಥೆ. 2010ಕ್ಕೆ ಮೊದಲು ಬರೆದದ್ದೆಲ್ಲ ಯೂನಿಕೋಡ್ ಅಲ್ಲ, ನುಡಿಯ ಹಳೇ ಆಸ್ಕಿ ಸಂಕೇತದಲ್ಲಿದೆ. ತೆರೆದರೆ ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು. ನೋಡುವುದಷ್ಟೇ ಆದರೆ ನುಡಿಯ ಹಳೇ ಫಾಂಟ್ ಫೈಲನ್ನು ಅದೇ ಫಾಂಟ್ಸ್ ಜಾಗಕ್ಕೆ ಹಾಕಿದರೆ ಸಾಕು. ಉಳಿಯಬೇಕು, ಹುಡುಕಲು ಸಿಗಬೇಕು ಅಂದರೆ ಪರಿವರ್ತನೆ ಮಾಡಲೇಬೇಕು. ಅರವಿಂದ ಅವರದ್ದೇ ಆಸ್ಕಿ ಟು ಯೂನಿಕೋಡ್ ಪರಿವರ್ತಕ ಇದೆ, ಮುಕ್ತ ತಂತ್ರಾಂಶ. ಅಜ್ಜಿಯ ಮಾತುಗಳ ಫೈಲನ್ನು ಮೊದಲು ಹಾಕಿದೆ. ಬಂದ ಮೇಲೆ ಅರ್ಕಾವತ್ತು ಇರುವ ಶಬ್ದಗಳನ್ನು ಅಪ್ಪನೂ ನಾನೂ ಪಕ್ಕ ಪಕ್ಕ ಕೂತು ಓದಿ ಸರಿ ನೋಡಿದೆವು. ರಾತ್ರಿ ಹನ್ನೊಂದಾಯಿತು. ಅಮ್ಮ ಎರಡು ಸಲ ಬಂದು ಊಟಕ್ಕೆ ಕರೆದು ಹೋದರು.

ಇನ್ನೊಂದು ವಿಷಯ ನನಗೂ ಅವತ್ತೇ ಎದುರಾಗಿದ್ದು. ಪೆನ್‌ಡ್ರೈವಿನಿಂದ ಎಸ್‌ಎಸ್‌ಡಿಗೆ ಕಾಪಿ ಮಾಡುವಾಗ ಆರು ಫೈಲು ಬರಲಿಲ್ಲ, ಹೆಸರು ಉದ್ದವಾಯಿತು ಅಂತ ನಿಂತವು. ಅಪ್ಪ ಫೈಲಿಗೆ ಇಡೀ ವಾಕ್ಯವನ್ನೇ ಹೆಸರಾಗಿ ಇಡುತ್ತಾರೆ. ಹೆಸರಿನ ಉದ್ದಕ್ಕೆ ಮಿತಿ ಇದೆ. ಪೆನ್‌ಡ್ರೈವಿನಲ್ಲಿ ಫೈಲ್ ಇಡುವ ಕ್ರಮವಾದ ಎನ್‌ಟಿಎಫ್‌ಎಸ್‌ನಲ್ಲಿ 255 ಅಂದರೆ ಹೆಚ್ಚು ಕಡಿಮೆ 255 ಅಕ್ಷರ ಸಂಕೇತ. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ 255 ಅಂದರೆ 255 ಬೈಟ್. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ ನಮಗೆ ಸಿಗುವುದು 85 ಮಾತ್ರ. ಅದರಲ್ಲೂ ‘ಕ್ಷ್ಮೀ’ ಅನ್ನೋದು ಕಣ್ಣಿಗೆ ಒಂದು ಅಕ್ಷರ, ಒಳಗೆ ಆರು ಸಂಕೇತ, 18 ಬೈಟ್. ಲಕ್ಷ್ಮೀ ಅನ್ನೋ ಹೆಸರಿಗೇ 21 ಬೈಟ್ ಹೋಯಿತು. ಆರೂ ಫೈಲಿನ ಹೆಸರು ಚಿಕ್ಕದು ಮಾಡಿ, ಪೂರ್ತಿ ಹೆಸರನ್ನು ಫೈಲಿನೊಳಗೆ ಮೊದಲ ಸಾಲಾಗಿ ಇಟ್ಟೆವು.

ಲಿಬ್ರೆಆಫೀಸಿನಲ್ಲಿ ರೈಟರ್ ಮಾತ್ರ ಹಾಕಿದೆ, ಜೊತೆಗೆ ಅದರ ಜಿಟಿಕೆ3 ಪ್ಯಾಕೇಜ್. ಇದಿಲ್ಲದಿದ್ದರೆ ಕಿಟಕಿಗಳು ಹಳೇ ಕಾಲದವು ಥರ ಕಾಣುತ್ತವೆ. ಸೆಟ್ಟಿಂಗಿನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಭಾಷೆ ಕನ್ನಡ ಅಂತ ಕೊಡಬೇಕು, ಅದರದ್ದೇ ಬೇರೆ ಫಾಂಟ್ ಆಯ್ಕೆ ಇದೆ. ಇಂಗ್ಲಿಷಿನ ಫಾಂಟ್ ಎಷ್ಟು ಬದಲಿಸಿದರೂ ಕನ್ನಡ ಬದಲಾಗುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಅಲ್ಲಿ ನೋಡಿ.

ಗಡಿಯಾರದ್ದು ಸಣ್ಣ ವಿಷಯ, ಆದರೆ ನನಗೆ ಇಷ್ಟವಾದದ್ದು. ಲೊಕೇಲ್ ಪಟ್ಟಿಯಲ್ಲಿ ಕೆಎನ್-ಐಎನ್ ಸಾಲಿಗೆ ಟಿಕ್ ಹಾಕಿ, ಪೂರ್ತಿ ಸಿಸ್ಟಮ್ ಇಂಗ್ಲಿಷಿನಲ್ಲೇ ಬಿಟ್ಟು, ಎಲ್‌ಸಿ-ಟೈಮ್ ಅನ್ನೋದನ್ನು ಮಾತ್ರ ಕನ್ನಡ ಮಾಡಿದೆ. ಮೆನು ಇಂಗ್ಲಿಷ್, ನಾನು ಫೋನಿನಲ್ಲಿ ಹೇಳಲು ಸುಲಭ. ಬಲ ಮೂಲೆಯಲ್ಲಿ ಮಾತ್ರ ‘ಶನಿವಾರ’ ಅಂತ ಬರುತ್ತದೆ. ಅಪ್ಪ ಅದನ್ನು ನೋಡಿ ಅಮ್ಮನನ್ನು ಕರೆದು ತೋರಿಸಿದರು.

ಕೊನೆಗೆ ಜ಼ಡ್‌ರ‍್ಯಾಮ್ ಹಾಕಿದೆ. 4 ಜಿಬಿ ರ‍್ಯಾಮಿನಲ್ಲೇ ಒಂದು ಭಾಗವನ್ನು ಒತ್ತಿ ಮಡಿಸಿಟ್ಟ ಸ್ವಾಪ್ (ಜಾಗ ಸಾಲದಾಗ ಬಳಸುವ ಹೆಚ್ಚುವರಿ ಜಾಗ) ಥರ ಬಳಸುತ್ತದೆ, ಬ್ರೌಸರಿನಲ್ಲಿ ಐದಾರು ಟ್ಯಾಬ್ ತೆರೆದಾಗ ಉಸಿರು ಕಟ್ಟುವುದಿಲ್ಲ. ಎಲ್ಲ ಮುಗಿದು ಲಾಗಿನ್ ಆಗಿ ಸುಮ್ನೆ ಬಿಟ್ಟರೆ 550 ಎಂಬಿ ಹತ್ತಿರ ತೋರಿಸುತ್ತಿತ್ತು, ಐಬಸ್ ಸೇರಿ. ಐಬಸ್ ತೆಗೆದರೆ ಇನ್ನೂ ಇಳಿಯುತ್ತದೆ. ತೆಗೆಯುವುದಿಲ್ಲ.

ಒಂದು ಮಾತು. ರೆಕಮೆಂಡ್ಸ್ ಬೇಡ ಅನ್ನೋದನ್ನು ಆಪ್ಟ್‌ನ ಕಾನ್ಫಿಗ್ ಫೈಲಿನಲ್ಲೇ ಖಾಯಂ ಮಾಡಿ ಅಂತ ತುಂಬಾ ಕಡೆ ಓದುತ್ತೀರಿ. ಬೇರೆಯವರಿಗೆ ಮಾಡಿಕೊಡುವ ಯಂತ್ರದಲ್ಲಿ ಹಾಗೆ ಮಾಡಬೇಡಿ. ಒಂದೊಂದು ಸಲ ಕಮಾಂಡಿನ ಜೊತೆ ಕೊಡಿ, ಏನು ಬಿಟ್ಟುಹೋಗುತ್ತದೆ ಅಂತ ಪರದೆ ಮೇಲೆ ಬರುವ ಪಟ್ಟಿಯನ್ನು ಪೂರ್ತಿ ಓದಿ, ಆಮೇಲೆ ಎಂಟರ್ ಒತ್ತಿ. ಆ ಪಟ್ಟಿ ಓದುವುದಕ್ಕೇ ನನ್ನ ಎರಡು ದಿನದಲ್ಲಿ ಅರ್ಧ ಹೋಯಿತು, ಹೋಗಬೇಕಾದ್ದೇ.

ನೋಟ್‌ಬುಕ್ ಅಲ್ಲೇ ಬಿಟ್ಟು ಬಂದೆ. ಅದರಲ್ಲಿ ನವಿಲು ಫಾಂಟಿನ ಎದುರು ಯಾಕೆ ಅನ್ನೋ ಕಡೆ ಏನೂ ಬರೆದಿರಲಿಲ್ಲ, ಫಾಂಟ್ಸ್-ಕೆಎನ್‌ಡಿಎ ಜೊತೆ ಸುಮ್ನೆ ಬಂದಿದ್ದು, ಮುಂದಿನ ಸಲ ತೆಗೆದರಾಯಿತು ಅಂದುಕೊಂಡಿದ್ದೆ. ಹೋದ ವಾರ ಅಪ್ಪ ವಾಟ್ಸಾಪಿನಲ್ಲಿ ಆ ಪುಟದ ಫೋಟೋ ಕಳಿಸಿದರು. ಖಾಲಿ ಇದ್ದ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ‘ಅಜ್ಜಿಯ ಪುಸ್ತಕದ ತಲೆಬರಹಕ್ಕೆ’ ಅಂತ ಬರೆದಿದ್ದಾರೆ. ಕೆಳಗೆ ಹೊಸದೊಂದು ಸಾಲೂ ಇದೆ: ಹೆಸರಿನ ಕಡೆ ‘ಪ್ರಿಂಟರ್’, ಯಾಕೆ ಅನ್ನೋ ಕಡೆ ‘ಕರಡು ತಿದ್ದಲು’. ದೀಪಾವಳಿಗೆ ಹೋದಾಗ ಪ್ರಿಂಟರ್ ನಡೆಸುವ ಕಪ್ಸ್ ಹಾಕಬೇಕು.